ಮುಂಗಾಜಿನ ಮೇಲಣ ಕೊಳೆ

(ಬಾನುಲಿ ಭಾಷಣ)



ಕನ್ನಡದಲ್ಲಿ ಕೊಳೆಗೆ ಎಷ್ಟು ಹೆಸರುಗಳಿವೆ ಎಂಬುದನ್ನು ತಾವು ಎಂದಾದರೂ ಎಣಿಸಿದ್ದೀರಾ? ಧೂಳು ಬೇರೆ, ಕೊಳೆ ಬೇರೆ. ಜಿಡ್ಡು ಬೇರೆ, ಅಂಟು ಬೇರೆ. ಬಟ್ಟೆಗೆ ಹತ್ತಿದ್ದು ಕರೆ, ಪಾತ್ರೆಯ ತಳಕ್ಕೆ ಹಿಡಿದದ್ದು ಮಸಿ, ತಾಮ್ರಕ್ಕೆ ಕಟ್ಟಿದ್ದು ಕಿಲುಬು, ಕಬ್ಬಿಣಕ್ಕೆ ಹತ್ತಿದ್ದು ತುಕ್ಕು, ಬಚ್ಚಲ ಕಲ್ಲಿನ ಮೇಲೆ ಬೆಳೆದದ್ದು ಪಾಚಿ. ಈ ಹೆಸರುಗಳನ್ನು ನಮಗೆ ಕೊಟ್ಟವರು ಪಂಡಿತರಲ್ಲ. ಪಾತ್ರೆ ಬೆಳಗಿದವರು, ಬಟ್ಟೆ ಒಗೆದವರು, ಅಂಗಳ ಸಾರಿಸಿದವರು. ಕೊಳೆಯ ಜಾತಿಯನ್ನು ಅರಿತರೆ ಅರ್ಧ ಕೆಲಸ ಮುಗಿದಂತೆ ಎಂಬುದು ಅವರಿಗೆ ತಿಳಿದಿತ್ತು. ಕಿಲುಬು ಹಿಡಿದ ಚೊಂಬಿಗೆ ಹುಣಿಸೆಹಣ್ಣು, ಜಿಡ್ಡಿನ ಪಾತ್ರೆಗೆ ಒಲೆಯ ಬೂದಿ, ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ, ರೇಷ್ಮೆ ಸೀರೆಗೆ ಅಂಟುವಾಳದ ನೊರೆ, ಹೀಗೆ ಒಂದೊಂದಕ್ಕೂ ಒಂದೊಂದು ಮದ್ದು. ಬೂದಿಯಿಂದ ಕಿಲುಬು ತೆಗೆಯಲು ಹೊರಟವರನ್ನು ಆ ಕಾಲದ ಅಡುಗೆಮನೆ ನೋಡಿ ನಗುತ್ತಿತ್ತು.

ಈ ಹೊತ್ತು ನಾನು ಮಾತನಾಡಲಿರುವುದು ಕಾರಿನ ಮುಂಭಾಗದ ಗಾಜಿಗೆ ಅಂಟಿಕೊಳ್ಳುವ, ಸುಲಭವಾಗಿ ಬಿಡದ ಕೊಳೆಯನ್ನು ಕುರಿತು. ಎಲ್ಲರೂ ವಿಂಡ್‌ಶೀಲ್ಡ್ ಎನ್ನುವ ಈ ಗಾಜನ್ನು ಮಾತಿನ ಅನುಕೂಲಕ್ಕಾಗಿ ಮುಂಗಾಜು ಎಂದು ಕರೆಯುತ್ತೇನೆ. ಜೀವಮಾನವೆಲ್ಲ ಹಳಗನ್ನಡ ಪಾಠ ಹೇಳಿದ ಮೇಷ್ಟರಿಗೂ ಮೋಟಾರಿನ ಗಾಜಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ನಿವೃತ್ತಿಯ ನಂತರ ನಮ್ಮ ಮನೆಯ ಕಾರನ್ನು ತೊಳೆಯುವ ಕೆಲಸ ನನ್ನ ಪಾಲಿಗೆ ಬಂದಿದೆ ಎಂಬುದು ಒಂದು ಸಂಬಂಧ. ಮೇಲೆ ಹೇಳಿದ ಅಡುಗೆಮನೆಯ ವಿವೇಕ ಈ ಗಾಜಿನ ಮುಂದೆ ನಿಂತಾಗ ಬಹುಮಂದಿಗೆ ಮರೆತುಹೋಗುತ್ತದೆ ಎಂಬುದು ಇನ್ನೊಂದು. ಎಲ್ಲ ಕೊಳೆಗೂ ಒಂದೇ ಮದ್ದು, ಅದು ಬಲವಾಗಿ ಉಜ್ಜುವುದು ಎಂದು ನಾವು ತಿಳಿದುಬಿಟ್ಟಿದ್ದೇವೆ.

ಉಜ್ಜಿದರೇನು ಕೇಡು ಎಂಬುದನ್ನು ನೋಡುವ ಮುನ್ನ ಮುಂಗಾಜು ಎಂತಹ ವಸ್ತು ಎಂಬುದನ್ನು ತಿಳಿಯಬೇಕು. ಇದು ಕಿಟಕಿಯ ಗಾಜಿನಂತೆ ಒಂದೇ ಹಲಗೆಯಲ್ಲ. ಸುಮಾರು ಎರಡೆರಡು ಮಿಲಿಮೀಟರ್ ದಪ್ಪದ ಎರಡು ಗಾಜುಗಳು, ಅವುಗಳ ನಡುವೆ ಮುಕ್ಕಾಲು ಮಿಲಿಮೀಟರಿನಷ್ಟು ದಪ್ಪದ, ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪಾರದರ್ಶಕ ಪೊರೆ. ಈ ಮೂರನ್ನೂ ಶಾಖ ಮತ್ತು ಒತ್ತಡಗಳಿಂದ ಒಂದಾಗಿ ಬೆಸೆದಿರುತ್ತಾರೆ. ಕಲ್ಲು ಬಡಿದಾಗ ಗಾಜು ಸೀಳುತ್ತದೆ, ಆದರೆ ಚೂರುಗಳು ಪೊರೆಗೆ ಅಂಟಿಕೊಂಡು ನಿಲ್ಲುತ್ತವೆ, ಪ್ರಯಾಣಿಕರ ಮುಖಕ್ಕೆ ಎರಚುವುದಿಲ್ಲ. ಈ ಉಪಾಯ ಹೊಳೆದದ್ದು ಎದುವಾರ್ ಬೆನೆಡಿಕ್ಟಸ್ ಎಂಬ ಫ್ರೆಂಚ್ ರಸಾಯನಜ್ಞನಿಗೆ. 1903ರಲ್ಲಿ ಅವನ ಪ್ರಯೋಗಶಾಲೆಯ ಗಾಜಿನ ಬುದ್ದಲಿಯೊಂದು ಕೆಳಗೆ ಬಿದ್ದು ಒಡೆಯಿತಂತೆ, ಆದರೆ ಚದರಲಿಲ್ಲ. ಅದರ ಒಳಗೋಡೆಗೆ ಒಣಗಿ ಅಂಟಿದ್ದ ಸೆಲ್ಯುಲೋಸ್ ನೈಟ್ರೇಟಿನ ತೆಳುಪೊರೆ ಚೂರುಗಳನ್ನು ಹಿಡಿದಿಟ್ಟಿತ್ತು. 1909ರಲ್ಲಿ ಅವನು ಈ ಬಗೆಯ ಗಾಜಿಗೆ ಹಕ್ಕುಪತ್ರ ಪಡೆದ. ಅದೇ 1903ನೆಯ ಇಸವಿಯ ನವೆಂಬರಿನಲ್ಲಿ ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಎಂಬ ಮಹಿಳೆ, ವಾಹನದ ಒಳಗೆ ಕುಳಿತೇ ಗಾಜನ್ನು ಒರೆಸುವ ಕೈಸಾಧನಕ್ಕೆ ಹಕ್ಕುಪತ್ರ ಪಡೆದಳು. ನಮ್ಮ ಇಂದಿನ ವೈಪರಿನ ಪೂರ್ವಜ ಅದು.

ನಮ್ಮ ದೇಶದ ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಮುಂಗಾಜಿನ ಮೂಲಕ ಕನಿಷ್ಠ 70ರಷ್ಟು ಶೇಕಡಾ ಬೆಳಕು ಹಾಯಬೇಕೆಂದು ವಿಧಿಸುತ್ತವೆ. ಗಾಜನ್ನು ಹಾಗೆ ತಯಾರಿಸಿದರೆ ಸಾಲದು, ಅದೇ ಸ್ಥಿತಿಯಲ್ಲಿ ಕಾಪಾಡಿಕೊಳ್ಳಲೂ ಬೇಕು ಎಂಬುದು ಆ ನಿಯಮದ ಮಾತು. ಇದರ ಅರ್ಥ ಅನುಭವಕ್ಕೆ ಬರಬೇಕಾದರೆ ಸಂಜೆ ಐದೂವರೆಯ ಹೊತ್ತಿಗೆ ಹಾಸನದಿಂದ ಸಕಲೇಶಪುರದ ಕಡೆಗೆ ಹೋಗಬೇಕು. ಸೂರ್ಯ ನೇರವಾಗಿ ಎದುರಿಗಿರುತ್ತಾನೆ. ಹಗಲೆಲ್ಲ ಕಣ್ಣಿಗೆ ಕಾಣದಿದ್ದ ತೆಳುವಾದ ಕೊಳೆ ಆಗ ಒಮ್ಮೆಗೇ ಬೆಳಗುತ್ತದೆ. ಕೊಳೆಯ ಒಂದೊಂದು ಕಣವೂ ತನ್ನ ಮೇಲೆ ಬಿದ್ದ ಬೆಳಕನ್ನು ನಾಲ್ಕು ದಿಕ್ಕಿಗೂ ಚೆಲ್ಲಿ, ಗಾಜೆಲ್ಲ ಹಾಲಿನ ತೆರೆಯಂತಾಗುತ್ತದೆ. ಆ ತೆರೆಯ ಆಚೆ ರಸ್ತೆ ದಾಟುತ್ತಿರುವ ಮುದುಕಿಯಾಗಲಿ, ದೀಪವಿಲ್ಲದ ಎತ್ತಿನ ಗಾಡಿಯಾಗಲಿ ಕಾಣುವುದಿಲ್ಲ. ರಾತ್ರಿ ಎದುರು ವಾಹನದ ದೀಪ ಮಾಡುವುದೂ ಇದನ್ನೇ. ಆದುದರಿಂದ ಗಾಜಿನ ಕೊಳೆ ಅಂದಚಂದದ ಮಾತಲ್ಲ, ಪ್ರಾಣದ ಮಾತು.

ಇನ್ನು ಉಜ್ಜುವ ವಿಷಯ. ಜರ್ಮನಿಯ ಫ್ರೀಡ್ರಿಕ್ ಮೋಸ್ ಎಂಬ ಖನಿಜ ವಿಜ್ಞಾನಿ 1812ರಲ್ಲಿ ಗಡಸುತನದ ಒಂದು ಏಣಿಯನ್ನು ಹಾಕಿಕೊಟ್ಟ. ಅದರ ಮೊದಲ ಮೆಟ್ಟಿಲಲ್ಲಿ ಬಳಪದ ಕಲ್ಲು, ಹತ್ತನೆಯದರಲ್ಲಿ ವಜ್ರ. ಮೇಲಿನ ಮೆಟ್ಟಿಲಿನದು ಕೆಳಗಿನದನ್ನು ಗೀರುತ್ತದೆ. ಗಾಜಿನ ಸ್ಥಾನ ಸುಮಾರು ಐದೂವರೆ, ಬೆಣಚುಕಲ್ಲಿನದು ಏಳು. ನಮ್ಮ ರಸ್ತೆಯ ಧೂಳಿನಲ್ಲಿರುವ ಮರಳಿನ ಹೆಚ್ಚಿನ ಭಾಗ ಬೆಣಚುಕಲ್ಲಿನ ಪುಡಿಯೇ. ಅಂದಮೇಲೆ ಧೂಳು ಕೂತ ಗಾಜನ್ನು ಒಣಬಟ್ಟೆಯಿಂದ ಉಜ್ಜುವವನು ಬಟ್ಟೆಯಿಂದ ಉಜ್ಜುತ್ತಿಲ್ಲ, ಮರಳಿನಿಂದ ಉಜ್ಜುತ್ತಿದ್ದಾನೆ. ಬೆಳಗಿನ ಹೊತ್ತು ಕಾರಿನ ಧೂಳನ್ನು ಒಣಬಟ್ಟೆಯಲ್ಲಿ ಝಾಡಿಸುವವರು ದಿನಕ್ಕಿಷ್ಟು ಎಂಬಂತೆ ಸೂಕ್ಷ್ಮವಾದ ಗೀರುಗಳನ್ನು ಗಾಜಿಗೆ ಕೊಡುತ್ತಾರೆ. ಅಡುಗೆಮನೆಯ ಹಸಿರು ಉಜ್ಜುಪಟ್ಟಿಯೂ ಹೀಗೆಯೇ. ಅದರ ನೂಲಿಗೆ ಗಾಜಿಗಿಂತ ಗಡಸಾದ ಖನಿಜದ ಕಣಗಳನ್ನು ಸೇರಿಸಿರುವುದುಂಟು. ನಮ್ಮ ಬೀದಿಯ ಗೃಹಸ್ಥರೊಬ್ಬರ ಕಾರನ್ನು ಹುಡುಗನೊಬ್ಬ ಅಂತಹ ಪಟ್ಟಿಯಿಂದ ಶ್ರದ್ಧೆಯಾಗಿ ತೊಳೆದ. ಕೊಳೆ ಹೋಯಿತು, ಅದರ ಜಾಗದಲ್ಲಿ ನೂರಾರು ಕಮಾನುಗೀರುಗಳು ಬಂದವು. ಕೊನೆಗೆ ಅವರು ಗಾಜನ್ನೇ ಬದಲಾಯಿಸಬೇಕಾಯಿತು. ಈಚಿನ ಕೆಲವು ಕಾರುಗಳಲ್ಲಿ ಮುಂಗಾಜಿನ ಹಿಂದೆ ರಸ್ತೆಯನ್ನು ನೋಡುವ ಕ್ಯಾಮೆರಾ ಇರುತ್ತದೆ. ಅಂತಹ ಕಾರಿನ ಗಾಜು ಬದಲಾಯಿಸಿದರೆ ಕ್ಯಾಮೆರಾದ ದೃಷ್ಟಿಯನ್ನೂ ಹೊಸದಾಗಿ ಸರಿಹೊಂದಿಸಬೇಕು. ಖರ್ಚು ಇನ್ನೂ ಹೆಚ್ಚು.

ಆದುದರಿಂದ ಮೊದಲ ಸೂತ್ರ ನೀರು. ಕಾರನ್ನು ನೆರಳಿಗೆ ತಂದು, ಗಾಜು ತಣ್ಣಗಾದ ಮೇಲೆ, ಧಾರಾಳವಾಗಿ ನೀರು ಸುರಿದು ಮರಳನ್ನು ಇಳಿಸಬೇಕು. ಬಿಸಿಲಿನಲ್ಲಿ ಕಾದ ಗಾಜಿನ ಮೇಲೆ ಯಾವ ದ್ರವವೇ ಆಗಲಿ ಕ್ಷಣದಲ್ಲಿ ಒಣಗಿ ತಾನೇ ಹೊಸ ಕರೆಯಾಗುತ್ತದೆ. ಆಮೇಲೆ ಮೆತ್ತನೆಯ ಬಟ್ಟೆಯನ್ನು ವಾಹನ ತೊಳೆಯುವ ಶಾಂಪೂ ಬೆರೆಸಿದ ನೀರಿನಲ್ಲಿ ಅದ್ದಿ ಒರೆಸಬೇಕು. ಸಾಮಾನ್ಯ ಕೊಳೆ ಇಷ್ಟಕ್ಕೇ ಹೋಗುತ್ತದೆ. ಹೋಗದೆ ಉಳಿದದ್ದೇ ನಮ್ಮ ಇಂದಿನ ವಿಷಯ.

ಉಳಿದದ್ದು ಯಾವ ಜಾತಿಯದು ಎಂದು ತಿಳಿಯಲು ಮೂರು ಪರೀಕ್ಷೆಗಳು ಸಾಕು. ಒಂದು, ಅದು ಗಾಜಿನ ಹೊರಗಿದೆಯೋ ಒಳಗಿದೆಯೋ ಎಂದು ಬೆರಳಿನಿಂದ ನೋಡುವುದು. ಎರಡು, ಉಗುರಿನಿಂದ ಮೆಲ್ಲಗೆ ಸವರುವುದು. ಉಬ್ಬು ಸಿಕ್ಕಿದರೆ ಮೇಲೆ ಅಂಟಿದ ವಸ್ತು. ಏನೂ ತಗಲದೆ ಮಬ್ಬು ಮಾತ್ರ ಕಂಡರೆ ತೆಳುವಾದ ಪೊರೆ, ಇಲ್ಲವೆ ಗಾಜಿಗೇ ಆದ ಗಾಯ. ಮೂರು, ತೊಳೆದ ಗಾಜಿನ ಮೇಲೆ ಒಂದು ಲೋಟ ನೀರು ಬಿಡುವುದು. ಶುದ್ಧವಾದ ಗಾಜು ನೀರನ್ನು ಪ್ರೀತಿಸುತ್ತದೆ. ನೀರು ಅದರ ಮೇಲೆ ತೆಳ್ಳನೆಯ ಹಾಳೆಯಂತೆ ಹರಡಿ ಇಳಿಯುತ್ತದೆ. ಅಲ್ಲಲ್ಲಿ ಹರಿದು ಹನಿಹನಿಯಾಗಿ ನಿಂತರೆ ಅಲ್ಲಿ ಜಿಡ್ಡೋ ಮೇಣವೋ ಇದೆ ಎಂದು ಅರ್ಥ. ನೀರು ನಿಲ್ಲದಂತೆ ಬೇಕೆಂದೇ ಲೇಪ ಬಳಿಸಿದ ಗಾಜಿಗೆ ಮಾತ್ರ ಈ ಮೂರನೆಯ ಪರೀಕ್ಷೆ ಸಲ್ಲದು.

ನಮ್ಮ ನಾಡಿನಲ್ಲಿ ಅತಿ ಹೆಚ್ಚಾಗಿ ಕಾಣುವುದು ಬಿಳಿಯ ಉಂಗುರದಂತಹ ನೀರಿನ ಕರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆಗಳಲ್ಲಿ ಆಳದ ಕೊಳವೆ ಬಾವಿಯ ನೀರಿನಿಂದ ಕಾರು ತೊಳೆಯುವವರಿಗೆ ಇದು ಚೆನ್ನಾಗಿ ಗೊತ್ತು. ನೆಲದೊಳಗೆ ಇಂಗುವ ನೀರು ತನ್ನಲ್ಲಿ ಕರಗಿದ ಇಂಗಾಲಾಮ್ಲದ ಬಲದಿಂದ ಕಲ್ಲಿನಲ್ಲಿರುವ ಸುಣ್ಣದ ಅಂಶವನ್ನು ಕರಗಿಸಿಕೊಂಡು ಗಡಸು ನೀರಾಗುತ್ತದೆ. ಗಾಜಿನ ಮೇಲೆ ಅದು ಒಣಗುವಾಗ ಅನಿಲ ಹಾರಿಹೋಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರ ಉಳಿಯುತ್ತದೆ. ಬಚ್ಚಲ ಹಂಡೆಯ ಒಳಗೆ ಕಟ್ಟುವ ಬಿಳಿಯ ಪೊರೆಯೂ ಇದೇ. ಹೊಸ ಕಟ್ಟಡಗಳ ನೆಲಮಾಳಿಗೆಯಲ್ಲಿ ಕಾಂಕ್ರೀಟಿನ ಚಾವಣಿಯಿಂದ ತೊಟ್ಟಿಕ್ಕುವ ನೀರೂ ಸುಣ್ಣವನ್ನು ಹೊತ್ತು ತಂದು, ಕೆಳಗೆ ನಿಂತ ಕಾರಿನ ಮೇಲೆ ಇಂತಹದೇ ಕರೆಯನ್ನು ಮೂಡಿಸುತ್ತದೆ.

ಇದಕ್ಕೆ ಸಾಬೂನು ಹಚ್ಚಿ ಉಜ್ಜಿದರೆ ಪ್ರಯೋಜನವಿಲ್ಲ. ಗಡಸು ನೀರಿನೊಡನೆ ಸಾಬೂನು ಸೇರಿ ಮೊಸರಿನ ಗಡ್ಡೆಯಂತಹ ಇನ್ನೊಂದು ಕೊಳೆ ಹುಟ್ಟುತ್ತದೆ. ಸುಣ್ಣಕ್ಕೆ ಮದ್ದು ಹುಳಿ. ಅಡುಗೆಗೆ ಬಳಸುವ ಬಿಳಿಯ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಅದರಲ್ಲಿ ಬಟ್ಟೆಯ ತುಂಡನ್ನು ನೆನೆಸಿ, ಕರೆಯ ಮೇಲೆ ಹತ್ತು ನಿಮಿಷ ಹೊದಿಸಿಡಬೇಕು. ನಿಂಬೆರಸವೂ ನಡೆಯುತ್ತದೆ. ಆಮ್ಲವು ಕಾರ್ಬೊನೇಟನ್ನು ಕರಗಿಸುವಾಗ ಸಣ್ಣಗೆ ಗುಳ್ಳೆಗಳು ಏಳುವುದೂ ಉಂಟು. ಬಟ್ಟೆ ಒಣಗಲು ಬಿಡಬಾರದು. ಆಮೇಲೆ ಒರೆಸಿ ನೀರಿನಿಂದ ಚೆನ್ನಾಗಿ ತೊಳೆಯಬೇಕು, ಕಾರಿನ ಬಣ್ಣದ ಮೇಲೆ ಹುಳಿ ನಿಲ್ಲದಂತೆ ನೋಡಿಕೊಳ್ಳಬೇಕು. ಒಂದು ಸಲಕ್ಕೆ ಹೋಗದಿದ್ದರೆ ಎರಡನೆಯ ಸಲ, ಮೂರನೆಯ ಸಲ. ಹುಳಿಗೆ ಬೇಕಾದದ್ದು ಕಾಲ, ನಮ್ಮ ತೋಳಿನ ಬಲವಲ್ಲ. ಆದರೆ ಹುಳಿಯೇ ಮದ್ದೆಂದು ಬಚ್ಚಲು ತೊಳೆಯುವ ಆಸಿಡ್ಡನ್ನು ತಂದು ಸುರಿಯಬೇಡಿ. ಅದು ಲೋಹವನ್ನೂ ಬಣ್ಣವನ್ನೂ ತಿನ್ನುತ್ತದೆ, ಅದರ ಹೊಗೆ ಎದೆಗೆ ಒಳ್ಳೆಯದಲ್ಲ. ಹೈಡ್ರೊಫ್ಲೋರಿಕ್ ಆಮ್ಲವಂತೂ ಗಾಜನ್ನೇ ತಿನ್ನುತ್ತದೆ. ಗಾಜಿನ ಮೇಲೆ ಚಿತ್ತಾರ ಕೊರೆಯಲು ಬಳಸುವುದು ಅದನ್ನೇ.

ಎರಡನೆಯದು ಜಿಡ್ಡು. ಮುಂದೆ ಹೋಗುವ ಲಾರಿಯ ಹೊಗೆ, ರಸ್ತೆಯ ಎಣ್ಣೆ, ಕಾರಿಗೆ ಹಚ್ಚಿದ ಮೇಣದ ಹೊಳಪು ಇವೆಲ್ಲ ಸೇರಿ ಕಾಣದ ಪೊರೆಯಾಗಿ ನಿಲ್ಲುತ್ತವೆ. ಮೊದಲ ಮಳೆ ಬಿದ್ದು ವೈಪರ್ ಆಡಿಸಿದಾಗ ಗಾಜಿನ ಮೇಲೆ ಕಾಮನಬಿಲ್ಲಿನ ಬಣ್ಣದ ಕಮಾನು ಮೂಡಿದರೆ ಅದು ಇದರದೇ ಗುರುತು. ಲಾಂದ್ರದ ಬುರುಡೆಯನ್ನು ಬೂದಿಯಿಂದ ಬೆಳಗುತ್ತಿದ್ದ ಕಾಲವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಬೂದಿಯಲ್ಲಿ ಕ್ಷಾರವಿದೆ, ಕ್ಷಾರ ಜಿಡ್ಡನ್ನು ಬಿಡಿಸುತ್ತದೆ, ತತ್ತ್ವ ಸರಿ. ಆದರೆ ಬೂದಿಯಲ್ಲಿ ಮರಳಿನ ಕಣವೂ ಇರಬಹುದಾದ್ದರಿಂದ ಮುಂಗಾಜಿಗೆ ಅದು ಬೇಡ. ಶಾಂಪೂ ನೀರಿನಲ್ಲಿ ಎರಡು ಬಾರಿ ತೊಳೆದು, ಔಷಧದ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ಟನ್ನು ಬಟ್ಟೆಗೆ ಹಾಕಿ ಒರೆಸಿದರೆ ಸಾಕು. ವೈಪರಿನ ರಬ್ಬರ್ ಅಂಚನ್ನೂ ಅದೇ ಬಟ್ಟೆಯಿಂದ ಸವರಬೇಕು, ಕಪ್ಪು ಬರುವುದು ನಿಲ್ಲುವವರೆಗೆ. ಇದನ್ನು ಮರೆತರೆ ಒರೆಸಿದ ಜಿಡ್ಡನ್ನೇ ವೈಪರ್ ಮತ್ತೆ ತಂದು ಬಳಿಯುತ್ತದೆ.

ಮೂರನೆಯದು ಮರದ ಕೊಡುಗೆ. ನೆರಳಿಗೆಂದು ಮರದ ಕೆಳಗೆ ಕಾರು ನಿಲ್ಲಿಸುತ್ತೇವೆ. ಸಂಜೆಗೆ ಗಾಜೆಲ್ಲ ಅಂಟು. ಇಲ್ಲಿ ಎರಡು ಬಗೆಗಳಿವೆ, ಎರಡರ ಮದ್ದೂ ಬೇರೆ. ಎಲೆಯ ರಸ ಹೀರುವ ಸಸ್ಯಹೇನಿನಂತಹ ಕೀಟಗಳು ಹೊರಬಿಡುವ ಸಿಹಿಯಾದ ದ್ರವ ತುಂತುರಾಗಿ ಬೀಳುತ್ತದೆ. ಅದು ಸಕ್ಕರೆಯ ಪಾಕ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಹೊದಿಸಿದರೆ ಕರಗುತ್ತದೆ. ಹಲಸು, ಮಾವುಗಳ ಸೊನೆಯಾದರೆ ನೀರಿಗೆ ಜಗ್ಗುವುದಿಲ್ಲ. ಹಲಸಿನ ಹಣ್ಣು ಹೆಚ್ಚುವ ಮುನ್ನ ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳುವುದು ಮಲೆನಾಡಿನ ಮಕ್ಕಳಿಗೂ ಗೊತ್ತು. ಗಾಜಿಗೂ ಅದೇ ನ್ಯಾಯ. ಕೊಬ್ಬರಿ ಎಣ್ಣೆಯನ್ನು ಸವರಿ ಕಾಲು ಗಂಟೆ ಬಿಟ್ಟು, ಮೆದುವಾದ ಮೇಲೆ ಒರೆಸಿ, ಎಣ್ಣೆಯನ್ನು ಶಾಂಪೂ ನೀರಿನಿಂದ ತೆಗೆಯಬೇಕು. ತನ್ನಂತಹ ವಸ್ತುವನ್ನು ಕರಗಿಸುವುದು ದ್ರಾವಕಗಳ ಸ್ವಭಾವ. ಸಕ್ಕರೆಗೆ ನೀರು, ಮೇಣಕ್ಕೆ ಎಣ್ಣೆ. ರಸ್ತೆಯ ಡಾಂಬರು ಸಿಡಿದಿದ್ದರೆ ಎಣ್ಣೆಯಿಂದ ಆರಂಭಿಸಿ, ಸಾಲದಾದರೆ ಬಣ್ಣದ ಅಂಗಡಿಯ ಟರ್ಪೆಂಟೈನನ್ನು ಬಳಸಬಹುದು. ಇಂತಹ ದ್ರಾವಕವನ್ನು ಗಾಜಿನ ಮೇಲೆ ಸುರಿಯದೆ ಬಟ್ಟೆಗೆ ಹಾಕಿಕೊಳ್ಳಬೇಕು. ಸುರಿದದ್ದು ಅಂಚಿಗೆ ಇಳಿದರೆ ಸುತ್ತಲಿನ ರಬ್ಬರನ್ನೂ ಎರಡು ಗಾಜುಗಳ ನಡುವಣ ಪೊರೆಯನ್ನೂ ಕೆಡಿಸಬಹುದು.

ಹುಳುಗಳದು ಇನ್ನೊಂದು ಕಥೆ. ಮುಂಗಾರಿನ ಆರಂಭದಲ್ಲಿ ರೆಕ್ಕೆ ಬಂದ ಗೆದ್ದಲುಗಳು ದೀಪದ ಬೆಳಕಿಗೆ ನುಗ್ಗಿ ಗಾಜಿಗೆ ಬಡಿಯುತ್ತವೆ. ಆಗ ವೈಪರ್ ಆಡಿಸಿದರೆ ಗಾಜೆಲ್ಲ ಗಂಜಿಯಾಗುತ್ತದೆ. ವಾಹನ ನಿಲ್ಲಿಸಿ, ಒದ್ದೆಬಟ್ಟೆ ಹೊದಿಸಿ ನೆನೆಸಿ ತೆಗೆಯುವುದೇ ಸರಿ. ಹಕ್ಕಿಯ ಹಿಕ್ಕೆಗೂ ಇದೇ ಕ್ರಮ. ಒಣಗಿದ್ದನ್ನು ಕೆರೆಯಬಾರದು, ಅದರಲ್ಲಿ ಬೀಜ, ಮರಳು ಇರುತ್ತವೆ. ಆಯುಧಪೂಜೆಯ ಮರುದಿನದ ಅರಿಸಿನ ಕುಂಕುಮಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಒಣಗಿದ ವಿಭೂತಿ, ಗಂಧಗಳು ನೀರಿನಲ್ಲಿ ನೆನೆದರೆ ಬಿಡುತ್ತವೆ. ಅರಿಸಿನದ ಹಳದಿಗೆ ಸಾಬೂನು ಹಚ್ಚಿದರೆ ಅದು ಕೆಂಪಾಗುತ್ತದೆ. ಕ್ಷಾರ ತಗಲಿದ ಅರಿಸಿನದ ಗುಣ ಅದು, ಅರಿಸಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುತ್ತಿದ್ದುದೂ ಈ ಗುಣದಿಂದಲೇ. ಗಾಬರಿಯಾಗದೆ ಸ್ಪಿರಿಟ್ಟಿನಿಂದ ಒರೆಸಿದರೆ ಹೋಗುತ್ತದೆ.

ಇನ್ನು ಗಾಜಿನ ಒಳಮೈ. ಹಳೆಯ ಪರವಾನಗಿ ಚೀಟಿಗಳು, ವಸತಿ ಸಂಘದ ಗುರುತುಚೀಟಿ, 2021ರಿಂದ ಕಡ್ಡಾಯವಾಗಿರುವ ಫಾಸ್ಟ್ಯಾಗ್, ಇವೆಲ್ಲ ಅಂಟುವುದು ಇಲ್ಲಿಯೇ. ಚೀಟಿ ಕಿತ್ತರೆ ಕಾಗದ ಬರುತ್ತದೆ, ಅಂಟು ಉಳಿಯುತ್ತದೆ. ತಲೆಗೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ಸ್ವಲ್ಪ ಹೊತ್ತು ಹಿಡಿದರೆ ಅಂಟು ಮೆದುವಾಗುತ್ತದೆ. ಒಂದು ಮೂಲೆಯಿಂದ ನಿಧಾನವಾಗಿ ಎಬ್ಬಿಸಿ, ಹಳೆಯ ಎ.ಟಿ.ಎಂ. ಕಾರ್ಡಿನ ಅಂಚಿನಿಂದ ತಳ್ಳಿ, ಉಳಿದದ್ದಕ್ಕೆ ಎಣ್ಣೆಯೋ ಸ್ಪಿರಿಟ್ಟೋ ಹಚ್ಚಬೇಕು. ಕಿತ್ತ ಫಾಸ್ಟ್ಯಾಗನ್ನು ಮತ್ತೆ ಅಂಟಿಸುವ ಆಸೆ ಬೇಡ. ಕೀಳುವಾಗ ಅದರೊಳಗಿನ ಸೂಕ್ಷ್ಮ ತಂತು ಹರಿಯುತ್ತದೆ. ಬ್ಲೇಡ್ ಬಳಸಲೇಬೇಕಾದರೆ ಹೊಸದಾಗಿರಬೇಕು, ಗಾಜು ಸಾಬೂನು ನೀರಿನಿಂದ ಒದ್ದೆಯಾಗಿರಬೇಕು, ಓರೆಯಾಗಿ ಹಿಡಿದು ಒಂದೇ ದಿಕ್ಕಿಗೆ ತಳ್ಳಬೇಕು. ಕಾರಿನ ಹಿಂಗಾಜಿಗೆ ಮಾತ್ರ ಬ್ಲೇಡ್ ಎಂದಿಗೂ ಕೂಡದು. ಅಲ್ಲಿ ಮಂಜು ಕರಗಿಸುವ ವಿದ್ಯುತ್ ಗೆರೆಗಳಿರುತ್ತವೆ, ಒಂದು ಗೆರೆ ತುಂಡಾದರೂ ಅದರ ಕೆಲಸ ಕೆಟ್ಟಿತು.

ಒಳಗಿನ ಇನ್ನೊಂದು ಕೊಳೆ ಬಹಳ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಕಾರಿನ ಮುಂಭಾಗದ ಪ್ಲಾಸ್ಟಿಕ್ಕಿಗೆ ಮೆದುತನ ಬರಲೆಂದು ಕೆಲವು ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಬಾಗಿಲು ಮುಚ್ಚಿ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅವು ಆವಿಯಾಗಿ ಎದ್ದು, ಗಾಜಿಗೆ ತಗಲಿ ಎಣ್ಣೆಯ ಮಂಜಿನಂತೆ ಕೂರುತ್ತವೆ. ಹೊಸ ಕಾರಿನ ವಾಸನೆ ಎಂದು ನಾವು ಹಿಗ್ಗುವುದರಲ್ಲಿ ಇದರ ಪಾಲೂ ಇದೆ. ರಾತ್ರಿ ಎದುರಿನ ದೀಪ ಚದರಿ ಕಾಣುತ್ತಿದ್ದು ಹೊರಗೆ ಎಷ್ಟು ತೊಳೆದರೂ ಸರಿಹೋಗದಿದ್ದರೆ ಕಾರಣ ಇದೇ ಇರಬಹುದು. ಸ್ಪಿರಿಟ್ಟಿಗೆ ಅರ್ಧ ನೀರು ಬೆರೆಸಿ, ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಬೇಕು. ಹೊರಮೈಯನ್ನು ಅಡ್ಡಡ್ಡಲಾಗಿ, ಒಳಮೈಯನ್ನು ಮೇಲಿನಿಂದ ಕೆಳಕ್ಕೆ ಒರೆಸುವುದು ಒಳ್ಳೆಯ ಪದ್ಧತಿ. ಆಮೇಲೆ ಗೆರೆ ಉಳಿದರೆ ಅದು ಯಾವ ಕಡೆಯದು ಎಂದು ಗೆರೆಯೇ ಹೇಳುತ್ತದೆ.

ಕೆಲವರು ಒಂದು ಮದ್ದು ನಾಟದಿದ್ದರೆ ಇನ್ನೊಂದನ್ನು ಅದರ ಮೇಲೆಯೇ ಸುರಿಯುತ್ತಾರೆ. ಇದು ಅಪಾಯ. ಬಟ್ಟೆ ಬಿಳಿಮಾಡುವ ಬ್ಲೀಚಿಗೆ ವಿನೆಗರ್ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಅಮೋನಿಯಾ ಇರುವ ಗಾಜಿನ ದ್ರವದೊಡನೆ ಬ್ಲೀಚ್ ಸೇರಿದರೂ ವಿಷವೇ. ಒಂದು ಮದ್ದನ್ನು ನೀರಿನಿಂದ ಪೂರ್ತಿ ತೊಳೆದ ಮೇಲೆಯೇ ಇನ್ನೊಂದು.

ಎಲ್ಲ ಮಾಡಿದ ಮೇಲೂ ಮಬ್ಬು ಉಳಿದರೆ ಅದು ಕೊಳೆಯಾಗಿ ಉಳಿದಿಲ್ಲ, ಗಾಜಿನ ಮೈಯೇ ತಿಂದುಹೋಗಿದೆ ಎಂದು ತಿಳಿಯಬೇಕು. ಗಡಸು ನೀರು ತಿಂಗಳುಗಟ್ಟಲೆ ಬಿಸಿಲಿನಲ್ಲಿ ಒಣಗುತ್ತ ಬಂದರೆ ಹೀಗಾಗುವುದುಂಟು. ಇದಕ್ಕೆ ಸೀರಿಯಂ ಆಕ್ಸೈಡ್ ಎಂಬ ನಯವಾದ ಪುಡಿಯಿಂದ ಗಾಜಿಗೆ ಹೊಳಪು ಕೊಡುವ ವಿಧಾನವಿದೆ. ತೆಳುವಾದ ಮಬ್ಬು ಇದರಿಂದ ಹೋಗುತ್ತದೆ. ಉಗುರಿಗೆ ಸಿಕ್ಕುವಷ್ಟು ಆಳವಾದ ಗೀರು ಹೋಗುವುದಿಲ್ಲ; ಹಟದಿಂದ ಒಂದೇ ಕಡೆ ಉಜ್ಜಿದರೆ ಅಲ್ಲಿ ತಗ್ಗು ಬಿದ್ದು, ಅದರ ಮೂಲಕ ನೋಡಿದ ರಸ್ತೆ ಬಾಗಿ ಕಾಣುತ್ತದೆ. ಇದನ್ನು ಕಸುಬು ಬಲ್ಲವರಿಗೆ ಬಿಡುವುದು ಲೇಸು. ಚಾಲಕನ ಕಣ್ಣಿನ ನೇರಕ್ಕೆ ಆಳವಾದ ಗೀರು ಇದ್ದರೆ ಗಾಜು ಬದಲಾಯಿಸುವುದೇ ದಾರಿ.

ತಾಳೆಗರಿಯ ಓಲೆಗಳನ್ನು ಶುಚಿಮಾಡುವವರನ್ನು ನಾನು ನೋಡಿದ್ದೇನೆ. ಮೊದಲು ಮೆತ್ತನೆಯ ಕುಂಚದಿಂದ ಧೂಳನ್ನು ಇಳಿಸುತ್ತಾರೆ, ಆಮೇಲೆ ನಿಂಬೆಹುಲ್ಲಿನ ಎಣ್ಣೆಯನ್ನು ಸವರುತ್ತಾರೆ. ಅವರ ಕೈ ಎಂದೂ ಒತ್ತುವುದಿಲ್ಲ. ಓಲೆಯಲ್ಲಿ ಕೊರೆದ ಅಕ್ಷರ ಹೋದರೆ ಮತ್ತೆ ಬಾರದೆಂಬ ಅರಿವು ಆ ಬೆರಳುಗಳಲ್ಲಿರುತ್ತದೆ. ಗಾಜಿನ ನುಣುಪೂ ಹಾಗೆಯೇ, ಒಮ್ಮೆ ಹೋದರೆ ಹೋಯಿತು. ಆ ಬೆರಳುಗಳ ತಾಳ್ಮೆ ಮುಂಗಾಜಿಗೂ ಸಲ್ಲುತ್ತದೆ.

ವಾರಕ್ಕೊಮ್ಮೆ ನೀರು ಹೊಯ್ದು ತೊಳೆದು, ನೀರು ತಾನೇ ಒಣಗಲು ಬಿಡದೆ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಈ ಭಾಷಣದ ಬಹುಪಾಲು ತಮಗೆ ಬೇಕಾಗುವುದೇ ಇಲ್ಲ. ದೂರ ಪ್ರಯಾಣ ಹೊರಡುವವರು ಹಿಂದಿನ ದಿನ ಸಂಜೆ, ಸೂರ್ಯ ಇಳಿಯುವ ಹೊತ್ತಿಗೆ, ಕಾರಿನ ಮುಖವನ್ನು ಪಡುವಣಕ್ಕೆ ತಿರುಗಿಸಿ ಚಾಲಕನ ಜಾಗದಲ್ಲಿ ಒಂದು ನಿಮಿಷ ಕುಳಿತು ನೋಡಿ. ತೊಳೆಯಬೇಕೆ ಬೇಡವೆ ಎಂಬುದು ಆಗಲೇ ಗೊತ್ತಾಗುತ್ತದೆ.